ಬೇಳೆ ಬಿಟ್ಟ ನಲವತ್ತು ದಿನ

ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ದಾರಿಯಲ್ಲಿ, ತೆಲಂಗಾಣದ ಕನ್ನಡ ಸೀಮೆಯಲ್ಲಿ, ಕೈ ಮಾಡಿದರಷ್ಟೇ ಬಸ್ಸು ನಿಲ್ಲುವ ಒಂದು ಊರಿದೆ. ಆ ಊರಿನ ಕುರುಬರ ಓಣಿಯಲ್ಲಿ ಯಾರಿಗಾದರೂ ಜ್ವರ ಬಂದರೆ, ಹೆರಿಗೆಯಾದರೆ, ಕೈಕಾಲು ಮುರಿದರೆ, ಔಷಧಕ್ಕೆ ದವಾಖಾನೆಗೆ ಹೋಗುತ್ತಿದ್ದರು. ಪಥ್ಯಕ್ಕೆ ಮಾತ್ರ ಹನುಮಮ್ಮನ ಬಳಿಗೆ ಬರುತ್ತಿದ್ದರು. ಏನು ತಿನ್ನಬಾರದು ಎಂಬುದನ್ನು ಆಕೆಯಷ್ಟು ಖಚಿತವಾಗಿ ಹೇಳುವವರು ಆ ಕಡೆ ಇನ್ನೊಬ್ಬರಿರಲಿಲ್ಲ.

ಹನುಮಮ್ಮನಿಗೆ ಅರವತ್ತು ದಾಟಿತ್ತು. ಕಟ್ಟೆಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಳ್ಳುತ್ತ, ಬಂದವರ ಮಾತನ್ನು ಪೂರ್ತಿ ಕೇಳಿ ಆಮೇಲೆ ಬಾಯಿ ತೆರೆಯುತ್ತಿದ್ದಳು. ಬಾಣಂತಿಗೆ ಬದನೆಕಾಯಿ ಬೇಡ. ಕೆಮ್ಮಿದವರಿಗೆ ಶೇಂಗಾ ಬೇಡ. ಗಾಯವಾದವರಿಗೆ, ಹೊಲಿಗೆ ಹಾಕಿಸಿಕೊಂಡವರಿಗೆ ಬೇಳೆ ಬೇಡ. ಮೊದಲೆರಡನ್ನು ಬಹಳ ಗೋಗರೆದರೆ ಸ್ವಲ್ಪ ಸಡಿಲಿಸುತ್ತಿದ್ದಳು. ಮೂರನೆಯದರಲ್ಲಿ ಮಾತ್ರ ಯಾರ ಮಾತೂ ನಡೆಯುತ್ತಿರಲಿಲ್ಲ. "ಬ್ಯಾಳಿ ತಿಂದ್ರ ಗಾಯದಾಗ ಕೀವು ಆಗ್ತೈತಿ" ಎನ್ನುತ್ತಿದ್ದಳು. ಅದನ್ನು ಹೇಳುವಾಗ ಆಕೆಯ ದನಿ ತಗ್ಗುತ್ತಿತ್ತು, ಅದಕ್ಕೇ ಏನೋ ಕೇಳಿದವರಿಗೆ ಹೆದರಿಕೆಯಾಗುತ್ತಿತ್ತು.

ಒಂದು ದಸರೆಯ ಮಾರನೆಯ ವಾರ ಆಕೆಯ ಗಂಡ ಮಾರೆಪ್ಪನಿಗೆ ಗದ್ವಾಲದಲ್ಲಿ ಹೊಟ್ಟೆನೋವು ಬಂತು. ಅಲ್ಲಿ ಮಗಳು ರಜಿತಾಳ ಮನೆಗೆ ಇಬ್ಬರೂ ಹಬ್ಬಕ್ಕೆಂದು ಹೋಗಿದ್ದರು. ಮಾರೆಪ್ಪ ಒಂದು ದಿನ ಸುಮ್ಮನೆ ಸಹಿಸಿಕೊಂಡ. ಅವನದು ಕುರಿ ಕಾಯುವ ದೇಹ, ನೋವನ್ನು ಹೇಳಿಕೊಂಡು ಅಭ್ಯಾಸವಿರಲಿಲ್ಲ. ಎರಡನೆಯ ದಿನ ಎದ್ದು ನಿಲ್ಲಲಾಗಲಿಲ್ಲ. ದವಾಖಾನೆಯಲ್ಲಿ ನೋಡಿದಾಗ ಅಪೆಂಡಿಕ್ಸ್ ಒಳಗೇ ಒಡೆದಿತ್ತು. ಅದೇ ದಿನ ಹೊಟ್ಟೆ ಕೊಯ್ದರು. ಗಂಡಾಂತರ ದಾಟಿತು. ಎಂಟು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು.

ಕಳಿಸುವಾಗ ಒಬ್ಬ ನರ್ಸು ತೆಲುಗಿನಲ್ಲಿ ಹೇಳಿದಳು: "ಅನ್ನೀ ತಿನೊಚ್ಚಮ್ಮಾ. ಪಪ್ಪು ಬಾಗಾ ಪೆಟ್ಟಂಡಿ." ಎಲ್ಲ ತಿನ್ನಬಹುದು, ಬೇಳೆ ಚೆನ್ನಾಗಿ ಕೊಡಿ ಎಂದು. ಹನುಮಮ್ಮನಿಗೆ ಕನ್ನಡದಷ್ಟೇ ತೆಲುಗೂ ಬರುತ್ತಿತ್ತು. ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ಮಗಳಿಗೆ, "ಆಕಿಗೇನು, ಹೇಳಿ ಹೋಗ್ತಾಳ. ಕೀವು ಆದ್ರ ಒರಸಾಕ ಆಕಿ ಬರ್ತಾಳೇನು?" ಎಂದಳು.

ಊರಿಗೆ ಬಂದ ದಿನದಿಂದ ಪಥ್ಯ ಶುರುವಾಯಿತು. ಬೆಳಿಗ್ಗೆ ಜೋಳದ ಗಂಜಿ. ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೆಣಸಿನ ಚಾರು, ಅಂದರೆ ಬೇಳೆ ಹಾಕದ ತಿಳಿಸಾರು. ಸಂಜೆ ರವೆಯ ಗಂಜಿ. ಹಾಲು ಬೇಡ, ಗಾಯ ಹಸಿಯಾಗುತ್ತದೆ. ಮಜ್ಜಿಗೆ ಬೇಡ, ತಂಪು. ಶೇಂಗಾ ಬೇಡ, ಪಿತ್ತ. ಮಾಂಸ, ಮೊಟ್ಟೆಯ ಮಾತೇ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಹಿಂಡಿಗೆ ಬೇನೆ ಬಿದ್ದಾಗ ಮಾರೆಪ್ಪ ಮೈಲಾರನಿಗೆ ಹರಕೆ ಹೊತ್ತು ಅವೆರಡನ್ನೂ ಬಿಟ್ಟಿದ್ದ. ಉಳಿದ ಕುರಿಗಳ ಮೇಲೆ ಕೈಯಾಡಿಸುತ್ತ ಬಿಟ್ಟದ್ದು, ಮತ್ತೆ ಮುಟ್ಟಿರಲಿಲ್ಲ. ಹಾಗಾಗಿ ಅವನ ಊಟದಲ್ಲಿ ಗಟ್ಟಿಯಾದದ್ದು ಅಂತ ಇದ್ದದ್ದು ಬೇಳೆಯೊಂದೇ. ಅದೂ ಹೋಯಿತು. ಅವರದೇ ಹೊಲದ ತೊಗರಿ, ಹನುಮಮ್ಮನೇ ಬೀಸಿ, ಕೇರಿ, ಎಣ್ಣೆ ಸವರಿ ಒಣಗಿಸಿದ ಬೇಳೆ, ಡಬ್ಬಿ ತುಂಬ ಅಡುಗೆಮನೆಯ ಮೂಲೆಯಲ್ಲಿ ಹಾಗೇ ಕೂತಿತ್ತು. ಮನೆಯಲ್ಲಿ ಅದರ ವಾಸನೆ ಎದ್ದರೆ ಗಂಡನ ಬಾಯಲ್ಲಿ ನೀರೂರುತ್ತದೆಂದು ಆಕೆ ತನಗೂ ಮಾಡಿಕೊಳ್ಳಲಿಲ್ಲ.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಪಕ್ಕದ ಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಮಾರೆಪ್ಪ ಮಂಚದಿಂದಲೇ ಕೇಳಿದ:

"ಒಂದು ಸೌಟು ಬ್ಯಾಳಿ ಇಸಕೊಂಡು ಬಾ."

"ಹೊಟ್ಟಿ ಕೊಯ್ಸಿಕೊಂಡೀದಿ, ನಾಲಿಗಿನೂ ಕೊಯ್ಸಿಕೋಬೇಕಿತ್ತು. ಗೇಣುದ್ದ ಬರಾಕತ್ತೈತಿ."

ಮಾರೆಪ್ಪ ನಕ್ಕ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಅದಕ್ಕೇ ಅರ್ಧಕ್ಕೆ ನಿಲ್ಲಿಸಿದ. ಮತ್ತೆ ಕೇಳಲಿಲ್ಲ. ಹೆಂಡತಿಯ ಪಥ್ಯಕ್ಕೆ ಊರೇ ತಲೆಬಾಗುವಾಗ ತಾನೊಬ್ಬ ಎದುರಾಡುವುದು ಅವನಿಗೆ ಸರಿಕಾಣಲಿಲ್ಲ.

ಗಾಯ ಮಾತ್ರ ಮಾತು ಕೇಳಲಿಲ್ಲ. ಮೇಲಿನ ಭಾಗ ಕೂಡಿಕೊಂಡಿತು. ಕೆಳಗೆ ಎರಡು ಬೆರಳಗಲ ಬಾಯಿ ಬಿಟ್ಟುಕೊಂಡೇ ಉಳಿಯಿತು. ಕೀವಿರಲಿಲ್ಲ, ನೀರು ಒಸರುತ್ತಿತ್ತು. ಊರಿನ ಸಬ್‌ಸೆಂಟರಿನ ನರ್ಸಮ್ಮ ದಿನ ಬಿಟ್ಟು ದಿನ ಬಂದು ಪಟ್ಟಿ ಬದಲಿಸುತ್ತಿದ್ದಳು. ಹನುಮಮ್ಮ ಕಾಸಿ ಆರಿಸಿದ ನೀರು, ಬಿಸಿಲಲ್ಲಿ ಒಣಗಿಸಿದ ಬಟ್ಟೆ, ಎಲ್ಲವನ್ನೂ ಸಜ್ಜಾಗಿಟ್ಟಿರುತ್ತಿದ್ದಳು. ಸ್ವಚ್ಛತೆಯಲ್ಲಿ ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೀವಿಲ್ಲದ್ದನ್ನು ಕಂಡಾಗಲೆಲ್ಲ, "ನೋಡಿದಿ? ಬ್ಯಾಳಿ ಬಿಟ್ಟಿದ್ದಕ್ಕ" ಎನ್ನುತ್ತಿದ್ದಳು.

ತಿಂಗಳು ಕಳೆಯುವಷ್ಟರಲ್ಲಿ ಮಾರೆಪ್ಪನ ತೋಳು ಜೋತುಬಿದ್ದವು. ಆಮೇಲೆ ಪಾದ ಊದಿಕೊಂಡವು. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ನಲವತ್ತನೆಯ ದಿನ ಬೆಳಿಗ್ಗೆ ಅವನು ಕೂತಲ್ಲಿಂದ ಏಳಲು ಹೋಗಿ ಏಳಲಾರದೆ, ಗೋಡೆ ಹಿಡಿದು ಹಾಗೇ ಕುಸಿದ. ಹನುಮಮ್ಮ ಅವನ ಕಂಕುಳಿಗೆ ಕೈ ಹಾಕಿ ಎತ್ತಿದಳು. ಗಂಡನನ್ನು ತಾನೊಬ್ಬಳೇ ಎತ್ತಿ ನಿಲ್ಲಿಸಲು ಸಾಧ್ಯವಾದದ್ದೇ ಆಕೆಗೆ ಹೆದರಿಕೆ ಹುಟ್ಟಿಸಿತು. ಅಷ್ಟು ಹಗುರಾಗಿದ್ದ.

ರಜಿತಾಗೆ ಫೋನು ಮಾಡಿಸಿದಳು. ರಜಿತಾ ಮೊದಲ ಬಸ್ಸಿಗೇ ಬಂದು, ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ನಾರಾಯಣಪೇಟೆಗೆ ಕರೆದೊಯ್ದಳು. ಅಲ್ಲಿ ಹರಿತಾ ಎಂಬ ಡಾಕ್ಟರು ಇದ್ದರು. ಮೂವತ್ತೈದರ ಆಸುಪಾಸು, ಅದೇ ಪೇಟೆಯಲ್ಲಿ ಹುಟ್ಟಿ ಬೆಳೆದವರು. ಕನ್ನಡದವರೊಂದಿಗೆ ಕನ್ನಡ, ತೆಲುಗಿನವರೊಂದಿಗೆ ತೆಲುಗು ಆಡುತ್ತಿದ್ದರು. ಗಾಯ ನೋಡಿದರು, ಪಾದ ಒತ್ತಿದರು, ರಕ್ತ ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಹೊರಗೆ ಕೂರಿಸಿ, ಬಂದ ಮೇಲೆ ಮತ್ತೆ ಕರೆದರು.

"ಸಕ್ಕರಿ ಕಾಯಿಲಿ ಇಲ್ರಿ. ಕಿಡ್ನಿ ಚಲೋ ಅದಾವು. ಗಾಯ ಸ್ವಚ್ಛ ಇಟ್ಟೀರಿ. ಯಾರು ಪಟ್ಟಿ ನೋಡಿಕೊಳ್ಳೋರು?"

"ನಾನರಿ," ಎಂದಳು ಹನುಮಮ್ಮ.

"ಚಲೋ ನೋಡಿಕೊಂಡೀರಿ. ಆದ್ರ ರಕ್ತದಾಗ ಪ್ರೋಟೀನ್ ಭಾಳ ಕಡಿಮಿ ಆಗೈತಿ. ರಕ್ತನೂ ಕಡಿಮಿ. ಏನು ತಿಂತಾರ ಇವ್ರು?"

ಹನುಮಮ್ಮ ಹೇಳಿದಳು. ಗಂಜಿ, ಅನ್ನ, ಚಾರು, ರವೆ. ಹೇಳುವಾಗ ಹೆಮ್ಮೆಯೇ ಇತ್ತು. ನಲವತ್ತು ದಿನದಲ್ಲಿ ಒಂದು ಹೊತ್ತೂ ತಪ್ಪಿರಲಿಲ್ಲ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ಮತ್ತ?"

"ಮತ್ತೇನಿಲ್ರಿ. ಅಷ್ಟ."

"ಮೊಟ್ಟಿ?"

"ಹರಕಿ ಐತ್ರಿ," ಎಂದ ಮಾರೆಪ್ಪ.

"ಇರಲಿ, ಅದನ್ನ ಬಿಡಿಸೋದಿಲ್ಲ. ಬ್ಯಾಳಿ?"

ರಜಿತಾ ತಾಯಿಯ ಕಡೆ ನೋಡಿದಳು. ಹನುಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೇಳಿದಳು: "ಬ್ಯಾಳಿ ತಿಂದ್ರ ಗಾಯ ಕೀವು ಹಿಡೀತೈತ್ರಿ."

ಡಾಕ್ಟರು ನಗಲಿಲ್ಲ. ವಾರಕ್ಕೆ ನಾಲ್ಕು ಮಂದಿಯ ಬಾಯಲ್ಲಿ ಕೇಳುವ ಮಾತು ಅದು. "ಅಮ್ಮಾ, ಮನಿ ಗೋಡಿ ಬಿದ್ದೈತಿ ಅನ್ಕೋರಿ. ತಿರುಗಿ ಕಟ್ಟಬೇಕು. ಮಣ್ಣು ತರಬ್ಯಾಡ್ರಿ, ಕಲ್ಲು ತರಬ್ಯಾಡ್ರಿ, ಬರೇ ನೀರು ತರ್ರಿ ಅಂದ್ರ ಗೋಡಿ ಹೆಂಗ ಏಳತೈತಿ? ಗಾಯದಾಗ ಹೊಸ ಮಾಂಸ ಬೆಳೀಬೇಕಂದ್ರ ಅದಕ್ಕ ಪ್ರೋಟೀನ್ ಬೇಕು. ಹಾಲು ಬಿಡಿಸೀರಿ, ಶೇಂಗಾ ಬಿಡಿಸೀರಿ, ಬ್ಯಾಳಿ ಬಿಡಿಸೀರಿ. ದೇಹ ಎಲ್ಲಿಂದ ತರಬೇಕು? ತನ್ನ ತೋಳು, ತೊಡಿ ಕರಗಿಸಿಕೊಂಡು ಇಷ್ಟು ದಿನ ನಡಿಸೈತಿ."

"ಕೀವು?"

"ಕೀವು ಆಗೋದು ಹೊಲಸಿನಿಂದ. ಕಣ್ಣಿಗೆ ಕಾಣದ ಹುಳದಿಂದ. ತಿನ್ನೋ ಬ್ಯಾಳಿಗೂ ಅದಕ್ಕೂ ಸಂಬಂಧ ಇಲ್ಲ."

"ಆಗಿದ್ದನ್ನ ಕಂಡೀನ್ರಿ ನಾನು." ಹನುಮಮ್ಮನ ದನಿ ತಗ್ಗಿತು. "ಕಣ್ಣಾರೆ ಕಂಡೀನಿ."

"ಯಾರಿಗೆ?"

ರಜಿತಾಗೂ ಗೊತ್ತಿರಲಿಲ್ಲ. ಮಾರೆಪ್ಪನಿಗೆ ಅರ್ಧ ಗೊತ್ತಿತ್ತು. ಹನುಮಮ್ಮ ಮೇಜಿನ ಮೇಲಿದ್ದ ಹತ್ತಿಯ ಡಬ್ಬಿಯನ್ನೇ ನೋಡುತ್ತ ಹೇಳಿದಳು. ಆಕೆಗೆ ಒಂಬತ್ತು ವರ್ಷ. ಅಣ್ಣ ಎಂಕಪ್ಪನಿಗೆ ಹನ್ನೆರಡು. ಜಾಲಿ ಕಡಿಯುವಾಗ ಕೊಡಲಿ ಜಾರಿ ಅವನ ಪಾದಕ್ಕೆ ಬಿತ್ತು. ನಾಲ್ಕನೆಯ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಗಾಯವಾದವನಿಗೆ ಬೇಳೆ ಬೇಡವೆಂದು ತಾಯಿ ಅವನಿಗೆ ಕೊಡಲಿಲ್ಲ. ಅವನು ಮೂಲೆಯಲ್ಲಿ ಕೂತು ಅಳುತ್ತಿದ್ದ. ಹನುಮಮ್ಮ ತನ್ನ ಪಾಲಿನ ಹೋಳಿಗೆಯನ್ನು ಲಂಗದಲ್ಲಿ ಮುಚ್ಚಿಕೊಂಡು ಹೋಗಿ ಕೊಟ್ಟಳು. ಅವನು ಎರಡೇ ತುತ್ತಿಗೆ ತಿಂದು ಮುಗಿಸಿದ. ಎರಡು ದಿನಕ್ಕೆ ಕಾಲು ಮೊಣಕಾಲಿನವರೆಗೆ ಬಾತು ಕೀವು ಹರಿಯಿತು. ಎಂಟನೆಯ ದಿನ ಹೋದ.

"ನಾನ ಕೊಟ್ಟಿದ್ನಿರಿ," ಎಂದಳು. "ನಮ್ಮವ್ವ ಸಾಯೋತನಕ ಅಂದ್ಲು, ನೀ ಹೋಳಿಗಿ ಕೊಡಲಿಲ್ಲಂದ್ರ ಉಳೀತಿದ್ದ ಅಂತ."

ಹೊರಗೆ ಯಾರೋ ಹೆಸರು ಕೂಗುತ್ತಿದ್ದರು. ಡಾಕ್ಟರು ಬಾಗಿಲು ಹಾಕಿಸಿ ಬಂದು ಕೂತರು.

"ಕೊಡಲಿ ಗಾಯ ಅಂದ್ರಲ್ಲ. ಅದರ ಮ್ಯಾಲ ಏನು ಹಚ್ಚಿದ್ರಿ?"

"ಆವಾಗ ಏನಿತ್ರಿ. ಒಲಿ ಬೂದಿ. ಎಮ್ಮಿ ಸಗಣಿ ಬಿಸಿ ಮಾಡಿ ನಮ್ಮವ್ವ ಕಟ್ಟಿದ್ಲು. ದಿನಾ."

ಹೇಳುತ್ತಿದ್ದಂತೆ ಹನುಮಮ್ಮನಿಗೆ ಡಾಕ್ಟರು ಆಗಲೇ ಹೊಲಸು ಎಂದದ್ದು ನೆನಪಾಯಿತು. ಡಾಕ್ಟರು, "ಆವಾಗ ಎಲ್ಲಾರೂ ಅದನ್ನ ಕಟ್ಟತಿದ್ರು ಅಮ್ಮಾ. ನಿಮ್ಮವ್ವಗ ಅಷ್ಟ ಗೊತ್ತಿತ್ತು. ನೀವು ಕೊಟ್ಟ ಹೋಳಿಗಿಯಿಂದ ನಿಮ್ಮಣ್ಣ ಹೋಗಿಲ್ಲ. ಹಸಿದಾವ ತಿಂದ, ಅಷ್ಟ" ಎಂದರು.

ಹನುಮಮ್ಮ ಅಳಲಿಲ್ಲ. ಅಷ್ಟು ವರ್ಷ ಹೊತ್ತದ್ದನ್ನು ಯಾರೋ ಕೇಳದೆಯೇ ಇಳಿಸಿಬಿಟ್ಟರೆ ತಲೆ ಹಗುರಾಗುವ ಬದಲು ಒಮ್ಮೆ ಓಲಾಡುತ್ತದೆ. ಆಕೆಗೆ ಆದದ್ದು ಅದು. ಮುಂದೆ ಡಾಕ್ಟರು ಹೇಳಿದ್ದನ್ನು ಆಕೆ ಕಿವಿಗೊಟ್ಟು ಕೇಳಿದಳು. ಪಥ್ಯ ಹೇಳುವವಳಿಗೆ ಪಥ್ಯ ಕೇಳುವುದೂ ಗೊತ್ತಿತ್ತು.

"ಮೊದಲು ಹೆಸರು ಬ್ಯಾಳಿ, ಇಲ್ಲಂದ್ರ ಮಸೂರ ಬ್ಯಾಳಿ. ಜಲ್ದಿ ಬೇಯ್ತಾವು, ಹೊಟ್ಟಿಗೆ ಹಗುರ. ತೊಳದು ಅರ್ಧ ತಾಸು ನೆನಿ ಇಟ್ಟು ಆ ನೀರು ಚೆಲ್ರಿ. ಬೇಯೋವಾಗ ಮ್ಯಾಲ ನೊರಿ ಬರತೈತಲ್ಲ, ತೆಗೀರಿ. ಇಂಗು, ಜೀರಿಗಿ, ಶುಂಠಿ ಹಾಕ್ರಿ. ವಾಯು ಆಗೋದಿಲ್ಲ. ಮೊದಲ ದಿನ ತೆಳ್ಳಗ ಕಟ್ಟು ಮಾಡಿ ಕುಡಿಸ್ರಿ, ಆಮ್ಯಾಲ ಗಟ್ಟಿ ಮಾಡ್ಕೋತ ಹೋಗ್ರಿ. ದಿನಕ್ಕ ಎರಡು ಹೊತ್ತು. ಜ್ವಾಳದ ರೊಟ್ಟಿ ಜೋಡಿ ಬ್ಯಾಳಿ ಉಂಡ್ರ ಒಂದರಾಗ ಇಲ್ಲದ್ದು ಇನ್ನೊಂದರಾಗ ಸಿಗತೈತಿ. ಸೊಪ್ಪು ಹಾಕಿ, ಇಳಿಸಿದ ಮ್ಯಾಲ ನಿಂಬಿಹಣ್ಣು ಹಿಂಡ್ರಿ, ರಕ್ತಕ್ಕ ಚಲೋ. ಹಾಲು, ಶೇಂಗಾ ಸುರು ಮಾಡ್ರಿ."

ಗುಳಿಗೆ ಬರೆದುಕೊಟ್ಟರು. ಗಾಯವನ್ನು ಮತ್ತೊಮ್ಮೆ ತೊಳೆದು ಪಟ್ಟಿ ಕಟ್ಟಿದರು. ವಾರಕ್ಕೊಮ್ಮೆ ಬರಬೇಕೆಂದರು. ಬೇಳೆಯೊಂದರಿಂದಲೇ ವಾಸಿಯಾಗುತ್ತದೆ ಎಂದು ಅವರು ಹೇಳಲಿಲ್ಲ. ಬೇಳೆಯಿಲ್ಲದೆ ಆಗುವುದಿಲ್ಲ ಎಂದರು.

ಪೇಟೆಯ ಕಿರಾಣಿ ಅಂಗಡಿಯಲ್ಲಿ ಹನುಮಮ್ಮ ಹೆಸರುಬೇಳೆ, ಮಸೂರ ಬೇಳೆ ಕಟ್ಟಿಸಿಕೊಂಡಳು. ಮಸೂರ ಬೇಳೆಯನ್ನು ಆಕೆ ಜನ್ಮದಲ್ಲಿ ಬೇಯಿಸಿರಲಿಲ್ಲ. ಕೆಂಪಗೆ ಚಪ್ಪಟೆಯಾಗಿದ್ದ ಆ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿದಳು. ಮರಳುವ ದಾರಿಯಲ್ಲಿ ಆಟೋದ ಹೊರಗೆ ಮುಖ ಮಾಡಿ ಕೂತಿದ್ದವಳಿಗೆ ತಾಯಿಯ ಮೇಲೆ ಸಿಟ್ಟು ಬಂತು. ಸತ್ತು ಇಪ್ಪತ್ತು ವರ್ಷವಾದವಳ ಮೇಲೆ. ಒಂಬತ್ತು ವರ್ಷದ ಹುಡುಗಿಯ ತಲೆಗೆ ಆ ಸಾವನ್ನು ಕಟ್ಟದಿದ್ದರೆ, ಅವ್ವ ತಾನೇ ಕಟ್ಟಿದ ಸಗಣಿಯ ಮಾತು ಬರುತ್ತಿತ್ತು. ಅವ್ವನಿಗೆ ಒಳಗೊಳಗೆ ಗೊತ್ತಿತ್ತೇ? ಇದ್ದಿರಲಾರದು. ಇದ್ದರೂ ಇರಬಹುದು. ಊರಿನ ಕಮಾನು ಕಾಣುವ ಹೊತ್ತಿಗೆ ಸಿಟ್ಟು ಇಳಿದಿತ್ತು. ಮಗ ಸತ್ತವಳು ಏನಾದರೂ ಒಂದನ್ನು ಹಿಡಿದುಕೊಳ್ಳಲೇಬೇಕಿತ್ತು.

ಮನೆಗೆ ಬಂದವಳೇ ಕಾಲು ತೊಳೆದು ಒಲೆ ಹಚ್ಚಿದಳು. ರಜಿತಾ ತಾನು ಮಾಡುತ್ತೇನೆಂದರೂ ಬಿಡಲಿಲ್ಲ. ಹೆಸರುಬೇಳೆಯನ್ನು ನೆನೆಸಿ, ನೀರು ಚೆಲ್ಲಿ, ಅರಿಶಿನ ಹಾಕಿ ಬೇಯಿಸಿದಳು. ನೊರೆಯನ್ನು ಸೌಟಿನಿಂದ ತೆಗೆತೆಗೆದು ಹೊರಗೆ ಚೆಲ್ಲಿದಳು. ಕಡೆದು, ತೆಳ್ಳಗೆ ಮಾಡಿ, ಜೀರಿಗೆ, ಇಂಗು, ಒಂದು ಚೂರು ಜಜ್ಜಿದ ಶುಂಠಿ ಹಾಕಿ ಕುದಿಸಿ, ಮೇಲೆ ತೊಟ್ಟು ತುಪ್ಪ ಬಿಟ್ಟಳು. ಬಟ್ಟಲನ್ನು ಗಂಡನ ಮುಂದೆ ಹಿಡಿದಳು.

ಮಾರೆಪ್ಪ ಬಟ್ಟಲು ತೆಗೆದುಕೊಂಡು ಆಕೆಯ ಮುಖ ನೋಡಿದ. "ಕುಡೀಲೇನು?"

"ಕುಡಿ."

"ಆಮ್ಯಾಲ ಬೈಯೋದಿಲ್ಲಲ್ಲ?"

"ಕುಡೀ ಅಂದ್ರ!"

ಅವನು ಉಫ್ ಉಫ್ ಎಂದು ಊದುತ್ತ ಕುಡಿದ. ಬಟ್ಟಲ ತಳವನ್ನು ಬೆರಳಿಂದ ಒರೆಸಿ ನೆಕ್ಕಿದ.

ಮುಂದಿನ ಮೂರು ದಿನ ಹನುಮಮ್ಮನಿಗೆ ಊಟ ಸೇರಲಿಲ್ಲ. ಡಾಕ್ಟರ ಮಾತನ್ನು ತಲೆ ಒಪ್ಪಿತ್ತು. ಉಳಿದ ಮೈ ಒಪ್ಪಿರಲಿಲ್ಲ. ನರ್ಸಮ್ಮ ಪಟ್ಟಿ ಬಿಚ್ಚುವಾಗ ಹೆಗಲ ಮೇಲಿಂದ ಬಾಗಿ ನೋಡುತ್ತಿದ್ದಳು. "ನನ್ನ ಬೆಳಕಿಗೆ ಅಡ್ಡ ಬರಬ್ಯಾಡ್ರಿ" ಎಂದು ನರ್ಸಮ್ಮ ಗದರಿದಳು. ಮೂರನೆಯ ದಿನ ಕೀವಿರಲಿಲ್ಲ. ಐದನೆಯ ದಿನವೂ ಇರಲಿಲ್ಲ. ಒಂಬತ್ತನೆಯ ದಿನ ಗಾಯದ ತಳದಲ್ಲಿ, ದಾಳಿಂಬೆ ಕಾಳಿನ ಹಾಗೆ, ಕೆಂಪಗೆ ಹೊಸ ಮಾಂಸ ಕಂಡಿತು. ನರ್ಸಮ್ಮ ಬೆರಳು ಮಾಡಿ ತೋರಿಸಿದಳು. ಹನುಮಮ್ಮ ಆ ರಾತ್ರಿ ಎರಡು ರೊಟ್ಟಿ ಉಂಡಳು.

ಆಮೇಲೆ ಆಕೆ ನಿಲ್ಲಲಿಲ್ಲ. ಬೇಡ ಎನ್ನುವುದರಲ್ಲಿ ಇದ್ದ ಹಟ ಈಗ ಬೇಕು ಎನ್ನುವುದರ ಕಡೆ ತಿರುಗಿತು. ಒಂದು ದಿನ ತೊಗರಿಬೇಳೆಗೆ ರಾಜಗಿರಿ ಸೊಪ್ಪು ಹಾಕಿ ನಿಂಬೆ ಹಿಂಡಿದಳು. ಇನ್ನೊಂದು ದಿನ ಹುಳಿ ಸೊಪ್ಪಿನ ಪುಂಡಿಪಲ್ಲೆ. ಮಸೂರ ಬೇಳೆಯನ್ನು ಅಕ್ಕಿಯ ಜೊತೆ ಮೆತ್ತಗೆ ಬೇಯಿಸಿ ಕಿಚಡಿ ಮಾಡಿದಳು. ಅದು ಒಂದೇ ಕುದಿಗೆ ಕರಗಿ, ಕೆಂಪು ಹೋಗಿ ಹಳದಿಯಾದದ್ದನ್ನು ಕಂಡು, "ಇದೇನು, ಮಂಗಮಾಯ ಆಯ್ತಲ್ಲ" ಎಂದಳು. ರುಚಿ ನೋಡಿ, ಪರವಾಗಿಲ್ಲ ಎಂದಳು. ಮಾರೆಪ್ಪನಿಗೆ ಹಲ್ಲು ಕಡಿಮೆ, ಅವನು ರೊಟ್ಟಿಯನ್ನು ಮುರಿದು ಬೇಳೆಯಲ್ಲಿ ನೆನೆಯಲು ಬಿಟ್ಟು ತಿನ್ನುತ್ತಿದ್ದ. ಹೊಟ್ಟೆ ತಡೆಯುತ್ತದೆಂದು ಖಾತ್ರಿಯಾದ ಮೇಲೆ ಮಡಕೆ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಉಗಿಯಲ್ಲಿ ಬೇಯಿಸಿ, ಉಪ್ಪು ಈರುಳ್ಳಿ ಬೆರೆಸಿ ಕೊಟ್ಟಳು. ಆಪರೇಷನ್ನಿನಿಂದ ಮಲ ಕಟ್ಟಿಕೊಂಡು ಒದ್ದಾಡುತ್ತಿದ್ದವನಿಗೆ ಅದೂ ಸಲೀಸಾಯಿತು. ಎರಡು ವಾರಕ್ಕೆ ಪಾದದ ಬಾವು ಇಳಿಯಿತು. ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಗಾಯ ಪೂರ್ತಿ ಮುಚ್ಚಿತು.

ಅವತ್ತೇ ಮಧ್ಯಾಹ್ನ ಹನುಮಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಗಂಡನಿಗೆ, "ನಡಿ" ಎಂದಳು.

"ಎಲ್ಲಿಗೆ?"

"ಸತ್ಯಮ್ಮನ ಮನಿಗೆ. ಹೊಟ್ಟಿ ತೋರಸಾಕ."

ಸತ್ಯಮ್ಮನ ಮನೆ ಎರಡು ಓಣಿ ಆಚೆ. ಆಕೆಯ ಸೊಸೆ ಭಾಗ್ಯಜ್ಯೋತಿಗೆ ದಸರೆಗೆ ಮುಂಚೆ ಆಪರೇಷನ್ ಮಾಡಿ ಹೆರಿಗೆಯಾಗಿತ್ತು, ಗಂಡು ಮಗು. ಪಥ್ಯ ಕೇಳಲು ಬಂದಿದ್ದ ಸತ್ಯಮ್ಮನಿಗೆ ಬೇಳೆ ಬೇಡವೆಂದು ಹೇಳಿದವಳು ಹನುಮಮ್ಮನೇ. ಹೊಲಿಗೆ ಹೇಗೋ ಕೂಡಿತ್ತು. ಆದರೆ ಆ ಹುಡುಗಿ ಬಡಕಲಾಗಿ, ಎದ್ದರೆ ಕಣ್ಣು ಕತ್ತಲೆ ಬರುತ್ತದೆ ಎಂಬ ಸುದ್ದಿ ಓಣಿಯಲ್ಲಿತ್ತು. ಒಮ್ಮೆ ನಲ್ಲಿಯ ಹತ್ತಿರ ತಲೆತಿರುಗಿ ಬಿದ್ದಿದ್ದಳು. ಆ ಸುದ್ದಿ ಬಂದಾಗ ಹನುಮಮ್ಮ ಅದನ್ನು ದೃಷ್ಟಿ ಎಂದಿದ್ದಳು.

ಮಾರೆಪ್ಪ ಬರಲು ಒಪ್ಪಲಿಲ್ಲ. "ಹೆಣ್ಮಕ್ಕಳ ಮುಂದ ಹೊಟ್ಟಿ ತೋರಸು ಅಂದ್ರ? ನಾನೇನು ಕೋಲೆಬಸವ ಏನು?"

"ನನ್ನ ಮಾತು ಹೆಂಗ ನಂಬತಾರ? ಆವತ್ತು ಬ್ಯಾಡ ಅಂದ ಬಾಯಿ ಇದು. ನಿನ್ನ ಹೊಟ್ಟಿನ ಹೇಳಬೇಕು."

ಅವನು ಅಂಗಿಯ ಮೇಲೆ ಕಂಬಳಿ ಹೊದ್ದುಕೊಂಡು ಹಿಂದೆ ಹೊರಟ.

ಸತ್ಯಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗ ಶಿವಕಾಂತ ಹೊಲಕ್ಕೆ ಹೋಗಿದ್ದ. ಭಾಗ್ಯಜ್ಯೋತಿ ಗೋಡೆಗೆ ಒರಗಿ ಮಗುವಿಗೆ ಹಾಲೂಡಿಸುತ್ತಿದ್ದಳು. ಹನುಮಮ್ಮ ಕೂರಲಿಲ್ಲ. ನಿಂತೇ ಹೇಳಿದಳು:

"ಸತ್ಯಮ್ಮ, ಸೊಸಿಗೆ ಬ್ಯಾಳಿ ಹಾಕು. ನಾ ತಪ್ಪು ಹೇಳಿದ್ದೆ."

ಸತ್ಯಮ್ಮನ ಕೈ ಮೊರದಲ್ಲೇ ನಿಂತಿತು. "ಏನಂದಿ?"

"ಬ್ಯಾಳಿಯಿಂದ ಕೀವು ಆಗೋದಿಲ್ಲ. ನಮ್ಮ ರಜಿತಾನ ಅಪ್ಪ ನಲವತ್ತು ದಿನ ಬಿಟ್ಟು ಸಾಯಾಕ ಹೋಗಿದ್ದ. ತಿಂದ ಮ್ಯಾಲ ಗಾಯ ಕೂಡೈತಿ. ನೋಡು." ಹಿಂದಕ್ಕೆ ತಿರುಗಿ, "ಎತ್ತು" ಎಂದಳು.

ಮಾರೆಪ್ಪ ಮುಖವನ್ನು ಬಾಗಿಲ ಕಡೆ ಮಾಡಿಕೊಂಡು ಅಂಗಿ ಎತ್ತಿದ. ಗುಲಾಬಿ ಬಣ್ಣದ ಗೀರು, ಎಲ್ಲೂ ಒದ್ದೆಯಿಲ್ಲ. ಸತ್ಯಮ್ಮ ಬಾಗಿ ನೋಡಿ, ಮತ್ತೆ ಹಿಂದೆ ಸರಿದಳು. ಆಕೆಗೆ ಸಿಟ್ಟು ಬಂದಿತ್ತು.

"ಮೂರು ತಿಂಗಳಾತು. ನಮ್ಮ ಬೀಗರು ಬಂದು ಮಗಳಿಗೆ ಬರೇ ಚಾರು ಹಾಕ್ತಾರ ಅಂತ ಊರ ತುಂಬಾ ಆಡಿಕೊಂಡು ಹೋದ್ರು. ನಿನ್ನ ಮಾತಿಗೆ ಕಟ್ಟುಬಿದ್ದು ಅವರ ಜೋಡಿ ಜಗಳ ಆಡೀನಿ. ಈಗ ಬಂದು ತಪ್ಪು ಹೇಳಿದ್ದೆ ಅಂತಿ?"

"ಹೂಂ. ತಪ್ಪು ಹೇಳಿದ್ದೆ."

ಹನುಮಮ್ಮ ವಾದ ಮಾಡಿದ್ದರೆ ಸತ್ಯಮ್ಮನೂ ವಾದ ಮಾಡಬಹುದಿತ್ತು. ಆಗ ಗೋಡೆಯ ಕಡೆಯಿಂದ ಭಾಗ್ಯಜ್ಯೋತಿ ಮಾತಾಡಿದಳು. ಆ ಮನೆಗೆ ಬಂದ ಮೇಲೆ ಹಿರಿಯರ ನಡುವೆ ಆಕೆ ಬಾಯಿ ಹಾಕಿದ್ದು ಅದೇ ಮೊದಲು.

"ದೊಡ್ಡವ್ವ, ಅಂಗನವಾಡಿಯಾಗ ದಿನಾ ಬ್ಯಾಳಿ ಹಾಕ್ತಿದ್ರು. ನಾ ಬಟ್ಟಲು ಮುಂದಿಟ್ಟುಕೊಂಡು ಬರೇ ಅನ್ನ ತಿಂದು ಎದ್ದು ಬರತಿದ್ದೆ. ಟೀಚರಮ್ಮ ಬೈತಿದ್ಲು. ಕೂಸಿಗೆ ಏನರ ಆದ್ರ ಅಂತ ಅಂಜಿಕಿ. ಆವತ್ತು ಅಷ್ಟು ಗಟ್ಟಿ ಹೇಳಿದ್ರಿ, ಇವತ್ತೂ ಅಷ್ಟ ಗಟ್ಟಿ ಹೇಳ್ತೀರಿ. ಯಾವುದನ್ನ ನಂಬಲಿ?"

ಹನುಮಮ್ಮ ಆಗ ಕೂತಳು. ಆ ಹುಡುಗಿಯ ಎದುರಿಗೇ, ನೆಲದ ಮೇಲೆ.

"ಆವತ್ತು ಅಂಜಿ ಹೇಳಿದ್ದೆ. ಇವತ್ತು ನೋಡಿ ಹೇಳ್ತೀನಿ. ನನ್ನನ್ನ ನಂಬಬ್ಯಾಡ. ನಾಳೆ ನಾರಾಯಣಪ್ಯಾಟಿಗೆ ನಡಿ, ಆ ಡಾಕ್ಟರಮ್ಮನ್ನ ನೀನ ಕೇಳು. ಕೂಸನ್ನ ನಾ ಹಿಡಕೊಂಡು ಬರತೀನಿ."

ಮಾರನೆಯ ದಿನ ಕೂಸೂ ಸೇರಿ ನಾಲ್ವರು ಹೋದರು. ಸತ್ಯಮ್ಮನೂ ಬಂದಳು, ಯಾರ ಜೊತೆಯೂ ಮಾತಾಡದೆ ಕಿಟಕಿಯ ಬಳಿ ಕೂತು. ಭಾಗ್ಯಜ್ಯೋತಿಗೆ ರಕ್ತ ತೀರ ಕಡಿಮೆಯಿತ್ತು. ಡಾಕ್ಟರು ಕಬ್ಬಿಣಾಂಶದ ಗುಳಿಗೆ ಕೊಟ್ಟು, ಮಾರೆಪ್ಪನಿಗೆ ಹೇಳಿದ್ದನ್ನೇ ಆಕೆಗೂ ಹೇಳಿ, ಮೊಟ್ಟೆಯನ್ನೂ ಸೇರಿಸಿದರು. ಗುಳಿಗೆ ನುಂಗಿದ ಮೇಲೆ ಒಂದು ತಾಸು ಚಹಾ ಬೇಡ ಎಂದರು. ಮರಳಿ ಬರುವಾಗ ಬಸ್ಸಿನಲ್ಲಿ ಸತ್ಯಮ್ಮ ಮೊದಲ ಬಾರಿಗೆ ಹನುಮಮ್ಮನ ಕಡೆ ತಿರುಗಿದಳು. "ಮಸೂರ ಬ್ಯಾಳಿ ಎಷ್ಟು ಕುದಿಸಬೇಕು?" ಎಂದು ಕೇಳಿದಳು. ಅಷ್ಟೇ ಮಾತು.

ಹೋಳಿಹುಣ್ಣಿಮೆಯ ಹೊತ್ತಿಗೆ ಭಾಗ್ಯಜ್ಯೋತಿ ನಲ್ಲಿಯಿಂದ ಎರಡು ಕೊಡ ಹೊತ್ತು ಬರುತ್ತಿದ್ದಳು. ಹನುಮಮ್ಮನನ್ನು ಕಂಡರೆ ನಿಂತು ಮಾತಾಡಿಸುತ್ತಿದ್ದಳು, ಆದರೆ ಪಥ್ಯ ಕೇಳುತ್ತಿರಲಿಲ್ಲ. ಮಾರೆಪ್ಪ ಗಟ್ಟು ಎಂಬ ಊರಿನ ಕಡೆಯ ಬೀಳು ಹೊಲಗಳಿಗೆ ಕುರಿ ಹೊಡೆದುಕೊಂಡು ಹೋದ. ಬುತ್ತಿಯಲ್ಲಿ ರೊಟ್ಟಿಯ ಜೊತೆ ಹುರಿದು ಪುಡಿಮಾಡಿದ ಬೇಳೆ ಚಟ್ನಿ ಇರುತ್ತಿತ್ತು. ಹೊಲಿಗೆ ಹಾಕಿಸಿಕೊಂಡವರು ಯಾರಾದರೂ ಓಣಿಗೆ ಬಂದರೆ ಹನುಮಮ್ಮ ಕಾಯದೆ ತಾನೇ ಅವರ ಮನೆಗೆ ಹೋಗುತ್ತಿದ್ದಳು. ಕೆಲವರು ಕೇಳಿದರು. ಕೆಲವರು, "ವಯಸ್ಸಾತು, ಮಾತು ತಪ್ಪಾಕತ್ತಾಳ" ಎಂದರು. ಆಕೆಯೇ ಮೂವತ್ತು ವರ್ಷ ಬಿತ್ತಿದ್ದು. ಕೀಳಲು ಹೊರಟರೆ ಬೇರು ಎಲ್ಲೆಲ್ಲಿಯೋ ಹೋಗಿತ್ತು.

ಎಲ್ಲರಿಗಿಂತ ಗಟ್ಟಿ ಪೆಂಟಮ್ಮ. ಎಪ್ಪತ್ತೈದರ ಒಂಟಿ ಮುದುಕಿ, ಕಣ್ಣಿನ ಪೊರೆ ತೆಗೆಸಿಕೊಂಡು ಮಕ್ತಲ್‌ನಿಂದ ಬಂದಿದ್ದಳು. ಹನುಮಮ್ಮ ಬೇಳೆಯ ಬಟ್ಟಲು ಹಿಡಿದು ಹೋದರೆ, ಕಪ್ಪು ಕನ್ನಡಕದೊಳಗಿಂದ, "ಒಯ್ಯಿ, ಒಯ್ಯಿ. ಕಣ್ಣಿಗೆ ಕೀವು ತುಂಬತೈತಿ. ಹನುಮಮ್ಮ ಹೇಳ್ಯಾಳ" ಎಂದಳು.

"ನಾನ ಹನುಮಮ್ಮ."

"ಗೊತ್ತೈತಿ. ನೀನ ಹೇಳಿದ್ದಿ."

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಹನುಮಮ್ಮ ಹೆಸರುಬೇಳೆಯನ್ನು ನುಣ್ಣಗೆ ಕಡೆದು, ಸೋಸಿ, ಬೇಳೆಯ ಒಂದು ಎಸಳೂ ಕಾಣದ ಹಾಗೆ ಕಟ್ಟು ಮಾಡಿ ಒಯ್ದಳು. ಪೆಂಟಮ್ಮ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದಳು. ತುಪ್ಪದ ವಾಸನೆ ಬರುತ್ತಿತ್ತು.

"ಇದರಾಗ ಬ್ಯಾಳಿ ಇಲ್ಲಲ್ಲ?"

ಇಲ್ಲ ಎಂದರೆ ಮುದುಕಿ ಕುಡಿಯುತ್ತಾಳೆ. ಮಾತು ಹನುಮಮ್ಮನ ನಾಲಿಗೆಯ ತುದಿಗೆ ಬಂದಿತ್ತು.

"ಐತಿ," ಎಂದಳು. "ಬ್ಯಾಳಿದ ಕಟ್ಟ ಇದು."

ಪೆಂಟಮ್ಮ ಬಟ್ಟಲನ್ನು ಕೆಳಗಿಟ್ಟಳು. ಹೊರಗೆ ಯಾರದೋ ಆಡುಗಳು ಓಣಿಯಲ್ಲಿ ಹಾದುಹೋದವು. ಆಮೇಲೆ ಮುದುಕಿ ತಡವಿ ಬಟ್ಟಲನ್ನು ಮತ್ತೆ ಎತ್ತಿಕೊಂಡಳು.

"ಆರಿ ಹೋಗಾಕತ್ತೈತಿ," ಎಂದು ಗೊಣಗಿ, ಒಂದು ಗುಟುಕು ಕುಡಿದಳು. "ಉಪ್ಪು ಕಡಿಮಿ ಹಾಕೀದಿ."

ಹನುಮಮ್ಮ ಉಪ್ಪು ತರಲು ಎದ್ದಳು.